ದೊಡ್ಡಮ್ಮನ ದೆವ್ವ ಪರೀಕ್ಷೆ

ತ್ರಾಸಿಯ ನಮ್ಮ ದೊಡ್ಡಮ್ಮ ಇದುವರೆಗೆ ಒಂದು ದೆವ್ವವನ್ನೂ ಕಂಡವರಲ್ಲ. ಆದರೆ ದೆವ್ವಗಳ ವಿಷಯದಲ್ಲಿ ಅವರಷ್ಟು ತಿಳಿದವರು ಕುಂದಾಪುರದಿಂದ ಬೈಂದೂರಿನವರೆಗೆ ಮತ್ತೊಬ್ಬರಿಲ್ಲ! ಅವರ ಪ್ರಕಾರ ದೆವ್ವ ಕಾಣುವುದು ಕಣ್ಣಿಗಲ್ಲ, ನೆತ್ತಿಗೆ.

"ಮಕ್ಳ್ ನೆತ್ತಿ ಮೆತ್ತಗಿರತ್ತ್ ಮಾರಾಯ್ತಿ, ಅದ್ಕೆ ಅವ್ಕ್ ಕಾಂತ್. ನಮ್ದೆಲ್ಲ ಗಟ್ಟಿ ಆಯ್ತ್" ಎನ್ನುತ್ತಾರೆ. ಒಂದೂವರೆ ವರ್ಷಕ್ಕೆಲ್ಲ ಮಕ್ಕಳ ನೆತ್ತಿ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಒಮ್ಮೆ ತಿಳಿಸಿದೆ. ಡಾಕ್ಟರ ನೆತ್ತಿಯೂ ಗಟ್ಟಿಯೇ ಅಲ್ಲವೇ ಎಂದು ಕೇಳಿದರು.

ಬ್ರಹ್ಮಾವರದಲ್ಲಿ ನಾವು ಬಾಡಿಗೆ ಮನೆ ಹುಡುಕುವಾಗ ಅವರು ನೀರು, ಕರೆಂಟು ಯಾವುದನ್ನೂ ವಿಚಾರಿಸಲಿಲ್ಲ. ಆಗ ಎರಡು ವರ್ಷದವಳಾಗಿದ್ದ ನನ್ನ ಮಗಳನ್ನು ಹೊಸ್ತಿಲ ಒಳಗೆ ಇಳಿಸಿ, ಮುಖ ನೋಡುತ್ತಾ ನಿಂತರು. ಮೊದಲ ಮನೆಯಲ್ಲಿ ಅತ್ತಳು, ಬಿಟ್ಟೆವು. ಎರಡನೆಯದರಲ್ಲೂ ಅತ್ತಳು, ಬಿಟ್ಟೆವು. ಮೂರನೆಯದರಲ್ಲಿ ನಕ್ಕಳು. ಈಗ ಅಲ್ಲೇ ಇದ್ದೇವೆ. ಮಳೆಗಾಲದಲ್ಲಿ ಅಡುಗೆಮನೆಗೆ ನಾಲ್ಕು ಬಕೆಟ್ ಇಡಬೇಕು. ದೆವ್ವ ಮಾತ್ರ ಇಲ್ಲ.

ಇನ್ನೊಮ್ಮೆ ಬ್ರಹ್ಮಾವರದಿಂದ ಬಸ್ಸಿನಲ್ಲಿ ಬರುವಾಗ ಯಾರದೋ ಕೂಸು ಒಂದು ಖಾಲಿ ಸೀಟಿನ ಕಡೆಗೆ ಕೈ ಬೀಸಿತು. ದೊಡ್ಡಮ್ಮ ಕುಂದಾಪುರದವರೆಗೂ ನಿಂತೇ ಬಂದರು. ಕಾರಣ ಕೇಳಿದ ಕಂಡಕ್ಟರಿಗೆ ವಿವರವಾಗಿ ತಿಳಿಸಿದರು. ಅವನು ತೆಕ್ಕಟ್ಟೆಯಲ್ಲಿ ಹತ್ತಿದವರನ್ನೂ ಅಲ್ಲಿ ಕೂರಿಸಲಿಲ್ಲ.

ಈ ವಿದ್ಯೆಯೆಲ್ಲ ವರ್ಷದ ಒಂದು ದಿನಕ್ಕಾಗಿ ಎಂದು ನನಗೆ ಗೊತ್ತು. ದೊಡ್ಡಪ್ಪ ಹೋದ ದಿನ ಬೆಳಿಗ್ಗೆ ಟಾರ್ಚ್ ಎಲ್ಲಿಟ್ಟೆ ಎಂಬ ಸಣ್ಣ ಮಾತು ದೊಡ್ಡ ಜಗಳವಾಗಿತ್ತು. ಬಡಿಸಿದ ಗಂಜಿ ಬಿಟ್ಟು ಎದ್ದು ಮೀನು ಹಿಡಿಯುವ ಬೋಟಿಗೆ ಹೋದರು. ಅಲ್ಲೇ ಎದೆನೋವು ಬಂದು ತೀರಿಕೊಂಡರು.

ಅಂದಿನಿಂದ ಪ್ರತಿ ವರ್ಷ ಆ ದಿನ ದೊಡ್ಡಮ್ಮ ಅವರಿಗಿಷ್ಟದ ಸಿಗಡಿ ಸುಕ್ಕ ಮಾಡಿ ಎಡೆ ಇಡುತ್ತಾರೆ. ಎಲೆಗೆ ಬಡಿಸಿ, ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಹೊರಗೆ ಕಾಯುವುದು ನಮ್ಮಲ್ಲಿ ಪದ್ಧತಿ. ದೊಡ್ಡಮ್ಮ ಮಾತ್ರ ಒಳಗೊಂದು ಮಗುವನ್ನು ಕೂರಿಸುತ್ತಾರೆ, ನೋಡಿ ಹೇಳುವುದಕ್ಕೆ! ಆರು ವರ್ಷದಲ್ಲಿ ನೆಂಟರಿಷ್ಟರ ಆರು ಮಕ್ಕಳು ಕೂತೆದ್ದರು. ಎಲ್ಲರೂ ಬಲು ಪ್ರಾಮಾಣಿಕರು. ಯಾರೂ ಬರಲಿಲ್ಲ ಎಂದರು. ಆ ದಿನವಿಡೀ ದೊಡ್ಡಮ್ಮ ಅನ್ನ ಮುಟ್ಟುತ್ತಿರಲಿಲ್ಲ. "ಅವ್ರ್ ಉಣ್ದೆ ನಾ ಹ್ಯಾಂಗೆ ಉಂಬ್ದ್?" ಎನ್ನುತ್ತಿದ್ದರು.

ಈ ಸಲ ಐದು ವರ್ಷದ ನನ್ನ ಮಗಳ ಸರದಿ. ಬಾಗಿಲು ತೆರೆದಾಗ ಎಲೆಯಲ್ಲಿ ಅರ್ಧಕ್ಕರ್ಧ ಸಿಗಡಿ ಇರಲಿಲ್ಲ. ಮಗಳ ಗಲ್ಲಕ್ಕೆಲ್ಲ ಮಸಾಲೆ ಮೆತ್ತಿತ್ತು. ನಾನು ಗದರುವ ಮೊದಲೇ ದೊಡ್ಡಮ್ಮ ಅವಳೆದುರು ಕೂತು ಮೆಲ್ಲಗೆ ಕೇಳಿದರು:

"ಅಜ್ಜ ಉಂಡ್ರಾ ಮಗಾ?"

ಅವಳು ಒಂದು ಕ್ಷಣ ದೊಡ್ಡಮ್ಮನ ಮುಖವನ್ನೇ ನೋಡಿದಳು.

"ಉಂಡ್ರ್. ನೀವೂ ಉಣ್ಕ್ ಅಂದ್ರ್."

ಆ ಮಸಾಲೆ ದೊಡ್ಡಮ್ಮನಿಗೆ ಕಾಣದೆ ಇರಲಿಲ್ಲ. ಅದನ್ನು ತಮ್ಮ ಸೆರಗಿನಿಂದಲೇ ಒರೆಸಿದರು. ಆಮೇಲೆ ಅದೇ ಎಲೆಯ ಮುಂದೆ ಕೂತು, ಅಳುತ್ತಲೇ ಉಳಿದದ್ದನ್ನು ಉಂಡರು. ಬಡಿಸಲು ನಿಂತ ನನಗೂ ಅಳು ತಡೆಯಲಾಗಲಿಲ್ಲ. ಅವರು ಇನ್ನೊಮ್ಮೆ ಅನ್ನ ಹಾಕಿಸಿಕೊಂಡರು.