ಬೀಗದ ಗುಮಾಸ್ತರ ತಲೆಸುತ್ತು

ಮನೆಯಲ್ಲಿ ಒಬ್ಬರು ಪರೀಕ್ಷೆಗೆ ಕೂತರೆ ಉಳಿದವರಿಗೆಲ್ಲ ಮೇಷ್ಟ್ರಾಗುವ ಚಪಲ. ನಮ್ಮ ಗುಮಾಸ್ತರಿಗೂ ಅದು ಬಂತು. ವಕೀಲರ ಕಚೇರಿಯಲ್ಲಿ ಸಾಕ್ಷಿಗಳನ್ನು ಕಟಕಟೆಗೆ ತಯಾರು ಮಾಡುವುದು ಅವರ ಕಸುಬು. "ಕೇಳಿದ್ದಕ್ಕಷ್ಟೇ ಉತ್ತರ, ಒಂದಕ್ಷರ ಹೆಚ್ಚಿಗೆ ಬೇಡ" ಎಂಬುದು ಅವರ ಮೂಲಮಂತ್ರ. ಅವರ ಕೈಯಲ್ಲಿ ಪಳಗಿದ ಸಾಕ್ಷಿಯ ಬಾಯಿ ಬಿಡಿಸುವಷ್ಟರಲ್ಲಿ ಎದುರು ವಕೀಲರಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಆದ್ದರಿಂದ ಅವರಿಗೆ ಕೋರ್ಟಿನಲ್ಲಿ ಬೀಗದ ಗುಮಾಸ್ತರು ಎಂಬ ಬಿರುದು. (ದಯಪಾಲಿಸಿದವರು ಸೋತ ವಕೀಲರು.)

ಅವರ ಹೆಂಡತಿ ಓದಿ ಡಾಕ್ಟರಾದವಳು. ಆದರೆ ಲೈಸೆನ್ಸ್ ಪರೀಕ್ಷೆ ಪಾಸಾಗದೆ ಚಿಕಿತ್ಸೆ ಕೊಡುವಂತಿಲ್ಲ. ಹೀಗಾಗಿ ಕ್ಲಿನಿಕ್ಕಿನಲ್ಲಿ ರೋಗಿಗಳ ತೂಕ ನೋಡಿ ಬರೆದಿಡುತ್ತಿದ್ದಳು. ಔಷಧದ ಚೀಟಿಗೆ ಸಹಿ ಬೇರೆಯವರದ್ದು. ಬರೆಯುವ ಪರೀಕ್ಷೆಯಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಮುಗ್ಗರಿಸಿದ್ದು ಮಾತಾಡಿಸುವ ಪರೀಕ್ಷೆಯಲ್ಲಿ. ಅಲ್ಲಿ ರೋಗಿಯ ಪಾತ್ರಧಾರಿಯೊಬ್ಬ ಎದುರು ಕೂತಿರುತ್ತಾನೆ, ಅವನಿಂದ ಕಾಯಿಲೆಯ ಕಥೆ ಹೊರಡಿಸಬೇಕು. ಕೂತ ಎರಡು ಸಲವೂ ಒಂದೇ ಷರಾ: "ರೋಗಿಗೆ ಮಾತಾಡಲು ಬಿಡಲಿಲ್ಲ." ಇನ್ನೊಂದು ಸಲ ಮಾತ್ರ ಅವಕಾಶ. ಅದೂ ತಪ್ಪಿದರೆ ಜನ್ಮವಿಡೀ ತೂಕದ ಯಂತ್ರದ ಪಕ್ಕವೇ.

ಅವಳು ಮತ್ತೆ ಪುಸ್ತಕ ಹಿಡಿದಳು. ಮುಖ್ಯವಾದ ಸಾಲಿಗೆ ಹಳದಿ ಬಣ್ಣ, ಬಹಳ ಮುಖ್ಯವಾದದ್ದಕ್ಕೆ ಗುಲಾಬಿ. ಗುಮಾಸ್ತರು ಇಣುಕಿ ನೋಡಿದರು.

"ಈ ಪುಟದಲ್ಲಿ ಬಣ್ಣ ಹಚ್ಚದೆ ಉಳಿದಿರೋದು ಒಂದೇ ಸಾಲು. ಅದೇನು ಅಷ್ಟೊಂದು ವಿಶೇಷ?"

"ತಲೆ ತಿನ್ಬೇಡಿ, ನಾನು ಓದ್ಬೇಕು."

"ಓದಿದ್ದು ಸಾಕು, ಪುಸ್ತಕ ಮುಚ್ಚು. ನಾವು ಸಾಕ್ಷಿಗೆ ಕಾನೂನು ಪುಸ್ತಕ ಓದಿಸ್ತೀವಾ? ಎದುರಿಗೆ ನಿಲ್ಲಿಸಿ ಮಾತಾಡಿಸ್ತೀವಿ. ಇವತ್ತಿಂದ ನಾನೇ ರೋಗಿ, ನೀನೇ ಡಾಕ್ಟರು."

ಮಾತಿನಲ್ಲಿ ಹುರುಳಿತ್ತು. ಕಾಯಿಲೆಯ ವಿವರ ಬರೆದಿದ್ದ ಅಭ್ಯಾಸದ ಚೀಟಿಗಳ ಕಟ್ಟಿನಿಂದ ಒಂದನ್ನು ಅವರೇ ಎಳೆದು ಓದಿಕೊಂಡರು. ಊಟದ ಮೇಜಿನ ಆಚೆ ರೋಗಿ, ಈಚೆ ವೈದ್ಯೆ. ಮೂಲೆಯಲ್ಲಿ ಬಟಾಣಿ ಸುಲಿಯುತ್ತ ಗುಮಾಸ್ತರ ತಾಯಿ, ಅಂದರೆ ಸಮಸ್ತ ಪ್ರೇಕ್ಷಕವೃಂದ.

"ಏನು ತೊಂದರೆ?"

"ಹೊಟ್ಟೆನೋವು."

"ಎಲ್ಲಿ?"

"ಹೊಟ್ಟೇಲಿ."

"ಯಾವಾಗಿಂದ?"

"ಶುರುವಾದಾಗಿಂದ."

"ಊಟ ಆದ್ಮೇಲೆ ಜಾಸ್ತಿಯಾಗುತ್ತೆ, ಅಲ್ವಾ?"

ಗುಮಾಸ್ತರು ಮೇಜು ಕುಟ್ಟಿದರು. "ಆಕ್ಷೇಪಣೆ! ಉತ್ತರಾನೂ ನೀನೇ ನನ್ನ ಬಾಯಿಗೆ ಇಡ್ತಿದ್ದೀಯ. ಇಂಥ ಪ್ರಶ್ನೆ ಕೋರ್ಟಲ್ಲಿ ನಡೆಯಲ್ಲ."

"ಇದು ಕೋರ್ಟಲ್ಲ ರೀ, ಹೊಟ್ಟೆ!"

"ಚಿಕ್ಕೋನಿದ್ದಾಗ ಹೊಟ್ಟೆ ನೋವು ಅಂದ್ರೆ ಇಡೀ ಬೀದಿಗೆ ಕೇಳೋ ಹಾಗೆ ಅರಚ್ತಿದ್ದ ಕಣಮ್ಮ" ಎಂದು ಅತ್ತೆ ಸೊಸೆಯ ಪರ ಹೇಳಿಕೆ ಕೊಟ್ಟರು. ರೋಗಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ದಿನವೂ ಸಂಜೆ ಇದೇ ರಾಮಾಯಣ. ಎದೆನೋವಾಗಲಿ ಕೆಮ್ಮಾಗಲಿ, ಗುಮಾಸ್ತರದ್ದು ಹೌದು, ಇಲ್ಲ, ಆಕ್ಷೇಪಣೆ. ಒಂದು ಸಂಜೆ ಅವಳು ಪೆನ್ನು ಬಿಸಾಡಿದಳು.

"ಕಟ್ಕೊಂಡ ಗಂಡನಿಂದಲೇ ಒಂದು ಮಾತು ಹೊರಡಿಸೋಕಾಗಲ್ಲ, ನಾನೆಂಥ ಡಾಕ್ಟರು!" ಎನ್ನುವಾಗ ಅವಳ ಕಣ್ಣು ತುಂಬಿತ್ತು. "ನಂಗೆ ಗೊತ್ತು ರೀ. ಎದುರಿಗಿರೋರು ಸುಮ್ಮನಾದ್ರೆ ನಂಗೆ ಭಯ. ಅದಕ್ಕೇ ಪ್ರಶ್ನೆ ಮೇಲೆ ಪ್ರಶ್ನೆ ಸುರೀತೀನಿ."

ತಮಾಷೆ ಅತಿಯಾಯಿತೇನೋ ಎಂದು ಗುಮಾಸ್ತರಿಗೆ ಅನ್ನಿಸಿತು. ಆದರೂ ಮರುದಿನ ರಜೆಯಾದ್ದರಿಂದ ಮಧ್ಯಾಹ್ನವೇ ಮತ್ತೊಂದು ಚೀಟಿ ಎಳೆದು ಕೂತರು. ಅದರಲ್ಲಿ ತಲೆಸುತ್ತು ಎಂದಿತ್ತು.

"ಏನಾಯ್ತು, ಹೇಳಿ" ಎಂದಳು ಅವಳು.

"ತಲೆಸುತ್ತು."

ಅವಳು ಪೆನ್ನು ಕೆಳಗಿಟ್ಟಳು. ಕೈ ಕಟ್ಟಿಕೊಂಡು ಅವರ ಮುಖ ನೋಡುತ್ತ ಕೂತಳು, ಅಷ್ಟೇ.

ಗುಮಾಸ್ತರು ಮುಂದಿನ ಪ್ರಶ್ನೆಗೆ ಸಜ್ಜಾದರು. ಪ್ರಶ್ನೆ ಬರಲಿಲ್ಲ. ಪ್ರಶ್ನೆಗಳನ್ನು ಎದುರಿಸುವ ಸಕಲ ವಿದ್ಯೆಯೂ ಅವರಿಗೆ ಕರಗತ. ಪ್ರಶ್ನೆಯೇ ಇಲ್ಲದಿದ್ದರೆ ಏನು ಮಾಡಬೇಕೆಂದು ಅವರು ಯಾವ ಸಾಕ್ಷಿಗೂ ಕಲಿಸಿರಲಿಲ್ಲ. ಫ್ಯಾನು ಕಿರ್ ಎನ್ನುತ್ತಿತ್ತು. ಗುಮಾಸ್ತರು ಕೆಮ್ಮಿದರು, ಕುರ್ಚಿಯಲ್ಲಿ ಸರಿದು ಕೂತರು.

"ಎದ್ದು ನಿಂತಾಗ ಬರುತ್ತೆ."

"ಹೂಂ."

"ಕಣ್ಣಿಗೆ ಕತ್ತಲೆ ಕಟ್ಟುತ್ತೆ... ಇದು ಚೀಟೀಲಿಲ್ಲ. ನಿಜವಾಗ್ಲೂ ಆಗುತ್ತೆ."

"ಹೂಂ."

"ರಕ್ತ ಪರೀಕ್ಷೆ ಮಾಡಿಸಿ ಅಂತ ನೀನು ಅಂದಾಗಲೆಲ್ಲ ಕೋರ್ಟಲ್ಲಿ ಕೆಲಸ ಇದೆ ಅಂತಿದ್ನಲ್ಲ, ಕೆಲಸ ಇರ್ಲಿಲ್ಲ." ಗುಮಾಸ್ತರು ಮೂಲೆಯಲ್ಲಿದ್ದ ತಾಯಿಯ ಬಟಾಣಿ ಬುಟ್ಟಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಸೂಜಿ ಕಂಡ್ರೆ ನಂಗೆ ಜೀವ ಬಾಯಿಗೆ ಬರುತ್ತೆ ಕಣೇ."

ಅತ್ತೆಯ ಕೈಯಿಂದ ಬಟಾಣಿ ನೆಲದ ಪಾಲಾಯಿತು. ಹೆಂಡತಿ ನಗಲಿಲ್ಲ. ಮೆಲ್ಲನೆ ಅವರ ಕೈ ಹಿಡಿದು ನಾಡಿ ನೋಡಿದಳು. "ಮೊದಲೇ ಹೇಳ್ಬಾರ್ದಿತ್ತಾ?" ಎಂದಳು. ಇಷ್ಟು ದಿನ ಡಾಕ್ಟರನ್ನು ಮದುವೆಯಾಗಿದ್ದೂ ಗುಮಾಸ್ತರಿಗೆ ತಮ್ಮೆದುರು ಡಾಕ್ಟರು ಕೂತಿದ್ದಾಳೆ ಎನ್ನಿಸಿದ್ದು ಆವತ್ತೇ. ಹೇಳಿಕೊಂಡದ್ದಕ್ಕೆ ನಾಚಿಕೆಯಾಯಿತು, ಹೇಳಿಕೊಂಡದ್ದರಿಂದ ಹಗುರವೂ ಆಯಿತು.

ಅವಳು ಪಾಸಾದಳು. ಪರೀಕ್ಷೆಯ ಕೋಣೆಯಲ್ಲಿ ಸಿಕ್ಕಿದ ರೋಗಿ ಗಂಟುಮುಖದ ಮುದುಕ. "ನಂಗೇನಾಗಿದೆ, ಚೆನ್ನಾಗೇ ಇದೀನಿ" ಎಂದು ಬಾಯಿ ಮುಚ್ಚಿಕೊಂಡನಂತೆ. ಇವಳು ಕುರ್ಚಿ ಹತ್ತಿರಕ್ಕೆಳೆದುಕೊಂಡು ಸುಮ್ಮನೆ ಕೂತಳಂತೆ. ಸ್ವಲ್ಪ ಹೊತ್ತಿಗೆ ಅವನೇ ಎಲ್ಲವನ್ನೂ ಹೇಳಿಕೊಂಡನಂತೆ. ಗುಮಾಸ್ತರು ಕೋರ್ಟಿನ ಮೆಟ್ಟಿಲ ಮೇಲೆ ಕಂಡಕಂಡವರಿಗೆಲ್ಲ, "ನನ್ನ ಕೈಯಲ್ಲಿ ತಯಾರಾದೋಳು!" ಎಂದು ಎದೆಯುಬ್ಬಿಸಿ ಸಾರಿದರು.

ಲೈಸೆನ್ಸ್ ಕೈಗೆ ಬಂದ ದಿನ ಅವಳು ಕ್ಲಿನಿಕ್ಕಿನಿಂದ ತನ್ನ ಮೊಟ್ಟಮೊದಲ ಸಹಿ ಇದ್ದ ಚೀಟಿಯನ್ನು ಮನೆಗೆ ತಂದಳು. ಗುಮಾಸ್ತರು ಹಿಗ್ಗಿನಿಂದ ಇಸಿದುಕೊಂಡು ಓದಿದರು. ರಕ್ತ ಪರೀಕ್ಷೆ. ರೋಗಿಯ ಹೆಸರಿನ ಜಾಗದಲ್ಲಿ ಅವರದೇ ಹೆಸರು.

"ಆಕ್ಷೇಪಣೆ" ಎಂದರು. ದನಿಯಲ್ಲಿ ದಮ್ಮಿರಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು, ಕೈ ಕಟ್ಟಿ, ಅವರ ಮುಖ ನೋಡುತ್ತ ಕೂತಳು.

"ಎಡಗೈಯಾದ್ರೆ ನೋವು ಕಮ್ಮಿಯಂತೆ" ಎನ್ನುತ್ತ ಗುಮಾಸ್ತರು ಚಪ್ಪಲಿ ಹುಡುಕತೊಡಗಿದರು. "ನೀನೂ ಜೊತೇಲಿ ಬರ್ತೀಯಲ್ಲ?"

"ಬರ್ತೀನಿ."

ಬಾಗಿಲಲ್ಲಿ ಅವರ ತಾಯಿ ಆಗಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. "ನಡೀರಿ, ನಾನೂ ಬರ್ತೀನಿ. ನಾಳೆ ಕೋರ್ಟಿಗೆ ಹೋಗಿ ಕಿರುಚ್ಲೇ ಇಲ್ಲ ಅಂತಾನೆ. ಸಾಕ್ಷಿಗೆ ಒಬ್ಬರು ಬೇಡ್ವಾ?"