ನುಂಗಿದ ಬೊಂಬೆ

ಕ್ರಿಸ್‌ಮಸ್ ಕಳೆದು ಜನವರಿ ಆರಕ್ಕೆ ಬರುವ ಮೂವರು ಅರಸರ ಹಬ್ಬದ ಬೆಳಿಗ್ಗೆ ಅನ್ಸೆಲ್ಮೊ ಬಾರಿಯೆಂತೋಸ್ ಹೊಸಿಲು ದಾಟುವಾಗ ಹೆಂಡತಿ ಹೆರ್ಲಿಂದಾ ತಡೆದು ನಿಲ್ಲಿಸಿದಳು.

"ಇವತ್ತೇನಾದ್ರೂ ಬೊಂಬೆ ಹಿಡ್ಕೊಂಡು ಬಂದ್ರೋ, ಹಿಟ್ಟು ನೀವೇ ನಾದಬೇಕು. ಹೋದ ವರ್ಷ ನಾನೂರು ತಮಾಲೆ ಸುತ್ತಿದ್ದಕ್ಕೆ ನನ್ನ ಭುಜ ಇನ್ನೂ ಮೇಲೇಳ್ತಿಲ್ಲ."

ಹಬ್ಬದ ದಿನ ಕೊಯ್ಯುವ ಬಳೆಯಾಕಾರದ ರೊಟ್ಟಿ ರೊಸ್ಕದೊಳಗೆ ಒಂದು ಪುಟ್ಟ ಬೊಂಬೆ ಅಡಗಿರುತ್ತದೆ. ಯಾರ ತುಂಡಿನಲ್ಲಿ ಸಿಕ್ಕಿತೋ ಅವರು ಫೆಬ್ರವರಿ ಎರಡರಂದು ಅಲ್ಲಿ ಕೂಡಿದವರಿಗೆಲ್ಲ ಮೆಕ್ಕೆಜೋಳದ ಹಿಟ್ಟನ್ನು ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಬಡಿಸಬೇಕು. ಅನ್ಸೆಲ್ಮೊನ ರಾಜಕೀಯ ಶುರುವಾದದ್ದೇ ಹಾಗೆ. ಇಪ್ಪತ್ತು ವರ್ಷದ ಹಿಂದೆ, ಬೊಂಬೆ ಸಿಕ್ಕವರೆಲ್ಲ ಅದನ್ನು ಕಾಲುಚೀಲಕ್ಕೆ ತುರುಕುತ್ತಿದ್ದ ಕಾಲದಲ್ಲಿ, ಇವನು ಎತ್ತಿ ತೋರಿಸಿದ. ಪ್ರಾಮಾಣಿಕ ಎಂದು ಜನ ಶಾಲಾ ಮಂಡಳಿಗೆ ಕಳಿಸಿದರು. ಅಲ್ಲಿ ಮಕ್ಕಳಿಗೆ ಬಿಟ್ಟಿ ಊಟ ಕೊಡಿಸಿದ, ನಗರಸಭೆಗೆ ಕಳಿಸಿದರು. ಅಲ್ಲಿ ಬಾಡಿಗೆ ಮನೆಯವರ ಪರ ಗಂಟಲು ಹರಿದುಕೊಂಡ. ಈಗ ವಾಷಿಂಗ್ಟನ್ನಿನ ಸಂಸತ್ತಿಗೇ ನಿಂತಿದ್ದ. ಪೋಸ್ಟರಿನ ತುಂಬ ಒಂದೇ ಮಾತು: 'ಬಚ್ಚಿಡುವುದೇನೂ ಇಲ್ಲ.'

ಬಾಕಿ ಇದ್ದದ್ದು ದೋನ್ಯ ಎದುವಿಹೆಸ್ ಒಬ್ಬಳ ಒಪ್ಪಿಗೆ. ಆ ಅಜ್ಜಿ ಫೋನೆತ್ತಿ ಒಂದು ಹೆಸರು ಹೇಳಿದರೆ ಸ್ಯಾನ್ ಆಂಟೋನಿಯೊದ ಪಶ್ಚಿಮ ಭಾಗವೆಲ್ಲ ಮತಗಟ್ಟೆಗೆ ನಡೆಯುತ್ತಿತ್ತು. ಇಂದು ಸಂಜೆ ಅವಳ ಮನೆಯಲ್ಲಿ ರೊಸ್ಕ.

ಅದಕ್ಕೂ ಮೊದಲು, ಒಂಬತ್ತಕ್ಕೆ ಚೋನ್‌ನ ಕ್ಷೌರದಂಗಡಿಯಲ್ಲಿ ರೊಸ್ಕ. ಮೊದಲ ತುತ್ತಿಗೇ ಹಲ್ಲಿಗೆ ಪ್ಲಾಸ್ಟಿಕ್ ತಗುಲಿತು. ಕಣ್ಣ ಮುಂದೆ ಹೆರ್ಲಿಂದಾಳ ಭುಜ ಬಂತು. ಅನ್ಸೆಲ್ಮೊ ಬೊಂಬೆಯನ್ನು ದವಡೆಗೆ ಸರಿಸಿದ.

"ಏನು ಗೆಳೆಯಾ, ಕೆನ್ನೆ ಊದಿದೆ?" ಎಂದ ಚೋನ್.

"ಹಲ್ಲುನೋವು."

ಕರವಸ್ತ್ರದಲ್ಲಿ ಕೆಮ್ಮಿ ಜೇಬಿಗೆ ಇಳಿಸಿದ. ಮಧ್ಯಾಹ್ನ ಲಾಂಡ್ರಿ ಕೆಲಸಗಾರರ ಸಂಘದಲ್ಲೂ ಅದೇ ಕತೆ. ಜನ್ಮದಲ್ಲಿ ಒಂದು ಲಾಟರಿಯೂ ಹತ್ತದವನಿಗೆ ಅಂದು ಅದೃಷ್ಟವೆಲ್ಲ ರೊಟ್ಟಿಯಲ್ಲೇ ಬೆಂದು ಬರುತ್ತಿತ್ತು. ಜೇಬಿನಲ್ಲಿ ಬೊಂಬೆ ಎರಡಾದವು. ಎದೆಯಲ್ಲಿ ಕಲ್ಲು ನಾಲ್ಕಾದವು.

ಸಂಜೆ ಅಜ್ಜಿಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೋನ್ ಕೂಡ ಬಂದಿದ್ದ. ಅಜ್ಜಿ ಮಾತ್ರ ಶಾಲನ್ನು ಮೂಗಿನವರೆಗೆ ಎಳೆದುಕೊಂಡು ಮೂಲೆಯಲ್ಲಿ ಕೂತಿದ್ದಳು.

"ಬೆಳಿಗ್ಗೆಯಿಂದ ಅಮ್ಮ ಬಾಯೇ ಬಿಟ್ಟಿಲ್ಲ. ಯಾರ ಮೇಲೆ ಕೋಪಾನೋ," ಎಂದು ಮಗಳು ಸೊಕೊರ್ರೊ ಪಿಸುಗುಟ್ಟಿ ತುಂಡು ಕೊಟ್ಟಳು.

ಕಚ್ಚಿದ. ಕಟಕ್!

"ಅನ್ಸೆಲ್ಮೊ ಈಗ ನಮಗೆ ಎರಡು ಮಾತು ಹೇಳ್ತಾರೆ!" ಎಂದು ಅದೇ ಗಳಿಗೆಗೆ ಸೊಕೊರ್ರೊ ಕೂಗಿದಳು.

ಅವನು ಎದ್ದ. "ಬಂಧುಗಳೇ, ನಾನು ಯಾವತ್ತೂ ಏನನ್ನೂ ಬಚ್ಚಿಟ್—" ಗುಳುಕ್ ಎಂದು ಅದು ಒಳಗಿಳಿಯಿತು. ಕಣ್ಣು ಮೇಲೆ ಸಿಕ್ಕಿಕೊಂಡಿತು. ಚೋನ್ ಓಡಿಬಂದು ಒಗೆಯುವ ಕಲ್ಲಿಗೆ ಬಟ್ಟೆ ಬಡಿದಂತೆ ಬೆನ್ನಿಗೆ ಬಡಿದ. ಜೇಬಿನಿಂದ ಎರಡು ಬೊಂಬೆ ಮೇಜಿನ ಮೇಲೆ ಉರುಳಿದವು.

"ಅಯ್ಯೋ ಕಳ್ಳಾ! ಇದು ನಮ್ಮಂಗಡೀದು!" ಎಂದ ಚೋನ್.

"ಇಲ್ಲಿ ರೊಸ್ಕ ಮುಗೀತು, ಬೊಂಬೆ ಯಾರಿಗೂ ಸಿಕ್ಕಿಲ್ಲ. ಅದೆಲ್ಲಿ?" ಎಂದಳು ಸೊಕೊರ್ರೊ.

ಮೂಲೆಯಲ್ಲಿ ಅಜ್ಜಿ ಎರಡೂ ಕೈ ಜೋರಾಗಿ ಬೀಸತೊಡಗಿದಳು. ಇಪ್ಪತ್ತು ವರ್ಷದ ಹೆಸರು ಗಾಳಿಗೆ ಹೋಯಿತೆಂದು ಅನ್ಸೆಲ್ಮೊ ಕೈ ಮುಗಿದ.

"ಬೈಬೇಡಿ ಅಜ್ಜಿ! ನಿಮ್ಮ ಬೊಂಬೆ ನನ್ನ ಹೊಟ್ಟೇಲಿದೆ. ತಪ್ಪಾಯ್ತು. ಮೂರು ಕಡೆಯವರಿಗೂ ತಮಾಲೆ ನಂದೇ!"

ಎಲ್ಲರೂ ಚಪ್ಪಾಳೆ ತಟ್ಟಿದರು. "ತಾನಾಗೇ ಒಪ್ಕೊಂಡನಲ್ಲ! ವಾಷಿಂಗ್ಟನ್ನಿಗೆ ಇಂಥೋನೇ ಬೇಕು!" ಎಂದು ಚೋನ್ ಅರಚಿದ.

ಅಜ್ಜಿ ಶಾಲು ಕಿತ್ತೆಸೆದಳು. ಬಾಯಿ ತೆರೆದರೆ ಮುಂದಿನ ಹಲ್ಲಿನ ಸಾಲಿನಲ್ಲಿ ಬಾಗಿಲಿನಷ್ಟು ಕಿಂಡಿ.

"ದಡ್ಡ ಮುಂಡೇದೆ! ಇಲ್ಲ, ಇಲ್ಲ ಅಂತ ಕೈ ಬೀಸಿ ಸಾಕಾಯ್ತು. ನಿನ್ನ ಹೆಂಡ್ತಿ ಭುಜ ನೋಡಿ ಪಾಪ ಅನ್ನಿಸ್ತು. ಈ ಸಲ ನಾನು ಬೊಂಬೇನೇ ಹಾಕಿಲ್ಲ!"

"ಹಾಗಾದ್ರೆ... ನಾನು ನುಂಗಿದ್ದು?"

"ಹಿಟ್ಟು ನಾದೋವಾಗ ಬಿದ್ದುಹೋದ ನನ್ನ ಚಿನ್ನದ ಹಲ್ಲು!"

ಅನ್ಸೆಲ್ಮೊ ಹೊಟ್ಟೆ ಹಿಡಿದುಕೊಂಡ. "ಮತ್ತೆ... ನಿಮ್ಮ ಬೆಂಬಲ?"

"ಅದು ನಿಂಗೇ ಮಗಾ. ಇವತ್ತೇ ಎಲ್ಲರಿಗೂ ಫೋನ್ ಮಾಡೋಳಿದ್ದೆ. ಹಲ್ಲಿಲ್ಲದ ಬಾಯಲ್ಲಿ ಹೆಂಗೆ ಮಾಡ್ಲಿ?" ಅಜ್ಜಿ ಒಂದು ಇಡೀ ಪಪ್ಪಾಯಿಯನ್ನು ಅವನ ಮುಂದೆ ಇಟ್ಟಳು. "ಪೂರ್ತಿ ತಿನ್ನು. ಬೆಳಿಗ್ಗೆ ಚೆನ್ನಾಗಿ ಹುಡುಕಿ, ತಂದು ಎಲ್ಲರೆದುರಿಗೆ ತೋರಿಸು. ಬಚ್ಚಿಡೋದೇನೂ ಇಲ್ಲ ಅಂತ ನೀನೇ ತಾನೆ ಗೋಡೆಗೋಡೆಗೂ ಅಂಟಿಸಿರೋದು?"