ನರಸೀಪುರದ ರಸ್ತೆಗೆ ಡಾಂಬರು ಬಿದ್ದ ಕಾಲ

ಬಸ್ ಓಡಿಸೋರಿಗೆ ನಗೋ ಪ್ರಸಂಗಗಳಿಗೆ ಯಾವತ್ತೂ ಬರ ಇಲ್ಲ. ಅದರಲ್ಲೂ ರಸ್ತೆ ರಿಪೇರಿ ಶುರುವಾಯ್ತು ಅಂದರೆ ದಿನಕ್ಕೊಂದು ಗ್ಯಾರಂಟಿ. ನಾನು ನಂಜನಗೂಡು–ಟಿ. ನರಸೀಪುರ ರೂಟಿನ ಡ್ರೈವರು. ಹೋದ ಸುಗ್ಗಿ ಕಾಲದಲ್ಲಿ ನಮ್ಮ ರಸ್ತೆಗೆ ಹೊಸ ಡಾಂಬರು ಹಾಕ್ತೀವಿ ಅಂತ ಮೊದಲೇ ಬೋರ್ಡ್ ನೆಟ್ಟು, ಅರ್ಧರ್ಧ ರಸ್ತೆ ಕಿತ್ತು ಕೆಲಸ ಶುರು ಮಾಡಿದರು. ಹೇಳಿದ ಹೊತ್ತಿಗೆ ಮುಗಿಸಿಯೂ ಬಿಟ್ಟರು. ಈಗ ಸ್ಟೇರಿಂಗ್ ಹಿಡಿದರೆ ಬೆನ್ನಿಗೆ ಎಷ್ಟು ಹಾಯೆನಿಸುತ್ತೆ ಅನ್ನೋದು ನನಗೇ ಗೊತ್ತು. ನಡುವೆ ಆದದ್ದು ಮಾತ್ರ ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ.

ಬಾಣದ ಗುರುತು

ಒಂದು ಮೋರಿ ಹತ್ತಿರ ರಸ್ತೆ ಪೂರ್ತಿ ಬಂದ್ ಮಾಡಿ, 'ಬದಲಿ ರಸ್ತೆ' ಅಂತ ಬಾಣ ಬರೆದ ಬೋರ್ಡ್ ನಿಲ್ಲಿಸಿದ್ದರು. ಗಾಳಿಗೋ, ದನ ಮೈ ಉಜ್ಜಿಯೋ, ಅದು ಅಡ್ಡ ತಿರುಗಿತ್ತು. ಅವತ್ತು ಮೊದಲನೇ ದಿನ, ನನಗೂ ದಾರಿ ಹೊಸದು. ಬಾಣ ತೋರಿಸಿದ ಕಡೆ ತಿರುಗಿಸಿದೆ. ಬಸ್ಸೇ ಹೋಗ್ತಿದೆ ಅಂದಮೇಲೆ ದಾರಿ ಸರಿಯಿರುತ್ತೆ ಅಂತ ಹಿಂದೆ ಕಾರು, ಆಟೊ, ಹಾಲಿನ ವ್ಯಾನು ಎಲ್ಲ ಬಂದವು. ಒಂದು ತಿರುವು ದಾಟಿದರೆ ದಾರಿಯೇ ಇಲ್ಲ, ಯಾರದೋ ಕಣ. ಅಜ್ಜಿಯೊಬ್ಬಳು ಹುರುಳಿ ಗಿಡ ಹರಡಿಕೊಂಡು ಕೂತಿದ್ದಳು.

"ಅಜ್ಜೀ, ನಂಜನಗೂಡಿಗೆ ದಾರಿ?" ಅಂದೆ.

"ಇದು ನಮ್ಮ ಕಣ ಕಣಪ್ಪ."

ಹಿಂದಿನ ಕಾರಿನವರು ಇಳಿದು ಬಂದರು. "ಏನ್ರೀ, ನಿಮ್ಮನ್ನ ನಂಬ್ಕೊಂಡು ಬಂದ್ವಲ್ರೀ."

"ನಾನು ಬಾಣ ನಂಬ್ಕೊಂಡು ಬಂದೆ ಸಾರ್."

ಅಜ್ಜಿ ಬೈಯಬಹುದು ಅಂತ ಅಂಜಿದ್ದೆ. ಆಕೆ ನಿಂತಿದ್ದ ಗಾಡಿಗಳ ಸಾಲನ್ನೆಲ್ಲ ಒಮ್ಮೆ ನೋಡಿ ಹೇಳಿದಳು, "ರೋಡ್ ಮ್ಯಾಲೆ ಉರುಳಿ ಹರಡಕ್ಕೆ ಬುಡ್ತಿಲ್ವಲ್ಲ ಅಂತ ಕೊರಗ್ತಿದ್ದೆ. ಬಂದದ್ದು ಬಂದ್ರಿ, ಎಲ್ರೂ ಇದರ ಮ್ಯಾಲೆ ಒಂದೊಂದು ಸುತ್ತು ಒಡ್ಕಂಡು ಓಗಿ."

ಗಾಡಿ ತಿರುಗಿಸೋಕೆ ಬೇರೆ ಜಾಗವೂ ಇರಲಿಲ್ಲ. ಹಾಲಿನ ವ್ಯಾನಿನವನು ಎರಡು ಸುತ್ತು ಹೊಡೆದ.

ಎಬ್ಬಿಸೋ ಗುಂಡಿ

ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ ಮಾಡೋರೊಬ್ಬರು ಶಿಫ್ಟ್ ಮುಗಿಸಿ ನಂಜನಗೂಡಿನಲ್ಲಿ ನನ್ನ ಬಸ್ ಹತ್ತುತ್ತಿದ್ದರು. ಕೂತ ತಕ್ಷಣ ನಿದ್ದೆ. ಅವರ ಊರಿನ ಸ್ಟಾಪಿಗೆ ಮುಂಚೆ ಒಂದು ದೊಡ್ಡ ಗುಂಡಿ ಇತ್ತು. ಬಸ್ ಅದರಲ್ಲಿ ಕುಕ್ಕಿದ ಕೂಡಲೇ ಎದ್ದು, ಟಿಫನ್ ಡಬ್ಬಿ ಹಿಡಿದು ಇಳಿದುಬಿಡೋರು. ವರ್ಷಗಟ್ಟಲೆ ಯಾರೂ ಅವರನ್ನ ಎಬ್ಬಿಸಿದ್ದಿಲ್ಲ.

ಆ ಭಾಗಕ್ಕೇ ಮೊದಲು ಡಾಂಬರು ಬಿತ್ತು. ಅವತ್ತು ಅವರು ಕಣ್ಣು ಬಿಟ್ಟಿದ್ದು ನರಸೀಪುರದ ಸ್ಟ್ಯಾಂಡಿನಲ್ಲಿ.

"ಸಾ, ನಮ್ಮೂರು?"

"ಆಗಲೇ ದಾಟಿ ಬಂದ್ವಲ್ಲ."

"ಮತ್ತೆ ಗುಂಡಿ?"

"ಮುಚ್ಚಿದ್ರು."

ಹತ್ತಿರದವರು ಯಾರೋ ತೀರಿಕೊಂಡ ಸುದ್ದಿ ಕೇಳಿದ ಹಾಗೆ ಡಬ್ಬಿ ಹಿಡಿದು ನಿಧಾನಕ್ಕೆ ಇಳಿದು ಹೋದರು.

ಮಾರನೇ ದಿನ ನಮ್ಮ ಕಂಡಕ್ಟರಮ್ಮ ಅವರನ್ನ ಕೂಗಿದರು, ಸೀಟು ತಟ್ಟಿದರು, ಕಿವಿ ಹತ್ತಿರ ಸೀಟಿ ಊದಿದರು. ಮನುಷ್ಯ ಅಲ್ಲಾಡಲಿಲ್ಲ. ಕೊನೆಗೆ, "ಡ್ರೈವರಣ್ಣ, ಒಂದು ಸಲ ಕುಕ್ಕಿಸಿ" ಅಂದರು. ನಾನು ಬ್ರೇಕ್ ಒತ್ತಿ ಬಿಟ್ಟೆ. ತಟ್ಟನೆ ಎದ್ದು ಡಬ್ಬಿ ಹಿಡಿದು ಇಳಿದೇ ಹೋದರು. ಅಷ್ಟು ನುಣ್ಣನೆ ರಸ್ತೆಯಲ್ಲಿ ಅವರೊಬ್ಬರಿಗೋಸ್ಕರ ಈಗಲೂ ನಾನು ದಿನಾ ಬ್ರೇಕಿನಲ್ಲೇ ಒಂದು ಗುಂಡಿ ತೋಡ್ತೀನಿ.

ನಿಧಾನವಾಗಿ ಚಲಿಸಿ

ಒಂದು ಮಧ್ಯಾಹ್ನ ಸಾಲಿನಲ್ಲಿ ನಿಂತು ನಿಂತು ಎಂಜಿನ್ನೇ ಆಫ್ ಮಾಡಿದ್ದೆ. ಕಿಟಕಿ ಪಕ್ಕದಲ್ಲೇ 'ನಿಧಾನವಾಗಿ ಚಲಿಸಿ' ಅಂತ ಬೋರ್ಡ್. ಬಿಳಿಗೆರೆಗೆ ಹೋಗಬೇಕಿದ್ದ ತಾತ ಅದನ್ನ ಅಕ್ಷರ ಅಕ್ಷರ ಓದಿ, "ಮೊದಲು ಚಲಿಸಕ್ಕೆ ಬುಡಿ ಸಾಮಿ, ನಿಧಾನ ಆಮೇಲೆ ನೋಡಣ" ಅಂದರು.

ಕೆಂಪು ಬಾವುಟ

ಅರ್ಧ ರಸ್ತೆ ಕಿತ್ತಿದ್ದ ಕಡೆ ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ಬಿಡೋರು. ಕೊನೇ ಗಾಡಿಯವರ ಕೈಗೆ ಒಂದು ಕೆಂಪು ಬಾವುಟ ಕೊಟ್ಟು ಕಳಿಸೋರು. ಆ ಬಾವುಟ ಈ ತುದಿಗೆ ತಲುಪಿದ ಮೇಲೆ ಈ ಕಡೆಯವರು ಹೊರಡಬೇಕು. ಇಲ್ಲದಿದ್ದರೆ ನಡುವೆ ಬಸ್ಸು ಲಾರಿ ಎದುರುಬದುರಾಗಿ ಸಿಕ್ಕಿಕೊಳ್ತವೆ.

ಅವತ್ತು ನನ್ನ ಬಸ್ಸಿನಲ್ಲಿ ಒಂದು ಹುಡುಗಿ ಸರ್ಕಾರಿ ಕೆಲಸದ ಪರೀಕ್ಷೆಗೆ ನಂಜನಗೂಡಿಗೆ ಹೊರಟಿದ್ದಳು. ಎದುರಿನ ಗಾಡಿಗಳೆಲ್ಲ ಬಂದು ಹೋದವು, ಬಾವುಟ ಬರಲಿಲ್ಲ. ನಮ್ಮ ತುದಿಯಲ್ಲಿ ಗಾಡಿ ಬಿಡೋ ಕಾವಲಿನವನು ಆ ತುದಿಗೆ ಫೋನ್ ಮಾಡಿದ. "ಆಗಲೇ ಮೊಪೆಡ್ಡಿನವರೊಬ್ಬರಿಗೆ ಕೊಟ್ಟು ಕಳಿಸಿದೆ" ಅಂದರಂತೆ. ಇಲ್ಲಿ ನೋಡಿದರೆ ಮೊಪೆಡ್ಡೂ ಇಲ್ಲ, ಬಾವುಟವೂ ಇಲ್ಲ.

"ಅಣ್ಣ, ಗೇಟ್ ಹಾಕ್ಬಿಡ್ತಾರೆ. ಮುಂದಿನ ಸಲಕ್ಕೆ ನಂಗೆ ವಯಸ್ಸು ಮೀರೋಗುತ್ತೆ" ಅಂದಳು ಹುಡುಗಿ.

ನಾನು ಇಳಿದು ಹೋಗಿ ಕಾವಲಿನವನನ್ನ ಕೇಳಿಕೊಂಡೆ. ಕಂಡಕ್ಟರಮ್ಮ ತಮ್ಮ ಚೀಲದಿಂದ ಕೆಂಪು ರವಿಕೆ ಕಣ ತೆಗೆದು, "ತಗೋಪ್ಪ ಬಾವುಟ, ಬಿಡು" ಅಂದರು. ಅವನು ಒಪ್ಪಲಿಲ್ಲ. "ಮೊಪೆಡ್ಡಿನವರು ನಡುವೆ ಎಲ್ಲಾದ್ರೂ ಬಿದ್ದಿದ್ರೆ ಏನ್ ಮಾಡ್ತೀರಿ ಮೇಡಂ?" ಅಂದ. ಅದೂ ನಿಜವೇ.

ಅಷ್ಟರಲ್ಲಿ ಧೂಳಿನ ಮಧ್ಯೆ ಒಂದು ಮೊಪೆಡ್ಡು ಕಾಣಿಸಿತು. ವಯಸ್ಸಾದ ಯಜಮಾನರೊಬ್ಬರು ಬಾವುಟ ಎತ್ತಿ ಹಿಡಿದು ಬರ್ತಾ ಇದ್ದರು. ಬೈಯೋಕೆ ಯಾರಿಗೂ ಪುರಸೊತ್ತಿರಲಿಲ್ಲ, "ಹುಡುಗಿಗೆ ಪರೀಕ್ಷೆ ಇದೆ ಯಜಮಾನ್ರೇ" ಅಂತ ಕಂಡಕ್ಟರಮ್ಮ ಕೂಗಿದ್ದಷ್ಟೇ. ನಾನು ಬಸ್ ಎತ್ತಿದವನು ಪರೀಕ್ಷೆಯ ಗೇಟಿನ ಮುಂದೆಯೇ ನಿಲ್ಲಿಸಿದ್ದು. ಗೇಟ್ ಹಾಕುವವನ ಕೈ ಚಿಲಕದ ಮೇಲಿತ್ತು. ಹುಡುಗಿ ಒಳಗೆ ನುಗ್ಗಿದಳು. ಪ್ರಯಾಣಿಕರೆಲ್ಲ ತಮ್ಮ ಮನೆ ಮಗಳೇ ಪಾಸಾದಳು ಅನ್ನೋ ಹಾಗೆ ಉಸಿರು ಬಿಟ್ಟರು.

ಸಂಜೆ ವಾಪಸ್ ಬರುವಾಗ ಅದೇ ಯಜಮಾನರು ತಮ್ಮ ಊರಿನ ದಾರಿ ಸೇರೋ ಕಡೆ ಕೈ ಅಡ್ಡ ಹಾಕಿದರು.

"ಆ ಮಗೀಗೆ ಪರೀಕ್ಸೆ ಸಿಕ್ತಾ ಸಾ?"

"ಸಿಕ್ತು ಯಜಮಾನ್ರೇ. ನೀವು ಬಾವುಟ ತಗೊಂಡು ಎಲ್ಲಿಗೆ ಹೋಗಿದ್ರಿ?"

"ನಡುವಲ್ಲೇ ನಮ್ಮೂರ ದಾರಿ ಸಾ. ಯಾತಕ್ಕೋ ಕೊಟ್ರು ಅಂತ ಗಾಡೀಗೆ ಸಿಗಿಸ್ಕಂಡು ಮನೇಗೆ ಓದೆ. ಬಾಗಲಲ್ಲೇ ನಮ್ಮವಳು ತಡೆದ್ಲು."

"ಏನಂದ್ರು?"

"'ಎಲೆಕ್ಸನ್ ಇನ್ನೂ ದೂರ ಅದೆ, ಈಗಲೇ ಯಾವ ಪಾರ್ಟಿ ಸೇರ್ಕಂಡು ಬಂದೆ? ಮೊದಲು ವಾಪಸ್ ಕೊಟ್ಟು ಬಾ, ಅಲ್ಲೀಗಂಟ ಊಟ ಇಲ್ಲ' ಅಂದ್ಲು."